ಬೆರ್ನ್ ನಗರವೂ ಹಿಮದ ಕೆಳಗಣ ಹಳ್ಳಿಗಳೂ

ಸ್ವಿಟ್ಜರ್ಲೆಂಡಿಗೆ ಹೋಗಿಬಂದವರು ಹಿಮಶಿಖರಗಳನ್ನೂ ಸರೋವರಗಳನ್ನೂ ಬಾಯ್ತುಂಬ ವರ್ಣಿಸುವರೇ ಹೊರತು, ಆ ದೇಶದ ಆಡಳಿತವು 1848ರಿಂದ ನೆಲೆಗೊಂಡಿರುವ ಬೆರ್ನ್ ಪಟ್ಟಣದ ಮಾತನ್ನು ಹೆಚ್ಚಾಗಿ ಎತ್ತುವುದಿಲ್ಲ. ಇದು ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ. ಆರೆ ಎಂಬ ನದಿಯು ಹಸುರು ನೀರನ್ನು ತುಂಬಿಕೊಂಡು ಬಂದು, ಹಳೆಯ ಊರನ್ನು ಮೂರು ಪಾರ್ಶ್ವಗಳಲ್ಲಿ ಬಳಸಿ, ಬಾಗಿ ಹರಿಯುವುದು. ಆ ಬಾಗಿನೊಳಗಣ ದಿಬ್ಬದ ಮೇಲೆ ಐದನೆಯ ಬೆರ್ಟೋಲ್ಡ್ ಎಂಬ ಪ್ರಭುವು 1191ರಲ್ಲಿ ಈ ಪಟ್ಟಣವನ್ನು ಕಟ್ಟಿಸಿದನು. ಬೇಟೆಯಲ್ಲಿ ಮೊದಲು ಸಿಕ್ಕ ಮೃಗದ ಹೆಸರನ್ನೇ ಊರಿಗಿಡುವೆನೆಂದು ಆತನು ಹೇಳಿದನಂತೆ; ಸಿಕ್ಕಿದುದು ಕರಡಿಯಂತೆ. ಚರಿತ್ರಕಾರರು ಇದನ್ನು ಒಪ್ಪಲಿ ಬಿಡಲಿ, ಊರಿನ ಧ್ವಜದಲ್ಲಿ ಕರಡಿ, ಗಡಿಯಾರದಲ್ಲಿ ಕರಡಿ, ನದಿಯ ದಡದಲ್ಲಿ ಜೀವಂತ ಕರಡಿಗಳು!

1405ರಲ್ಲಿ ಮರದ ಮನೆಗಳೆಲ್ಲ ಬಹುಮಟ್ಟಿಗೆ ಬೆಂಕಿಗೆ ಆಹುತಿಯಾದ ಮೇಲೆ ಜನರು ಮರಳುಗಲ್ಲಿನಿಂದ ಊರನ್ನು ಮತ್ತೆ ಕಟ್ಟಿದರು. ಬೀದಿಯ ಎರಡು ಬದಿಗಳಲ್ಲಿಯೂ ಮನೆಗಳ ಕೆಳಗೆ ಕಮಾನಿನ ಪಡಸಾಲೆಗಳುಂಟು. ಇವುಗಳನ್ನು ಒಟ್ಟುಗೂಡಿಸಿದರೆ ಸುಮಾರು 6 ಕಿಲೋಮೀಟರು ಉದ್ದವಾಗುವುದಂತೆ. ನಾವಿದ್ದ ಎರಡು ದಿನಗಳಲ್ಲಿಯೂ ಜಿಟಿಜಿಟಿ ಮಳೆ. ಆದರೂ ಕೊಡೆಯನ್ನು ಬಿಚ್ಚುವ ಪ್ರಸಂಗವೇ ಬರಲಿಲ್ಲ. ನಡುಬೀದಿಯ ಕಾರಂಜಿಗಳಲ್ಲಿ ಹರಿಯುವ ನೀರು ಕುಡಿಯಲು ಯೋಗ್ಯವಾದುದೆಂದು ತಿಳಿದೊಡನೆ ನಮ್ಮ ಮನೆಯವರು ಊರಿನಿಂದ ತಂದಿದ್ದ ಹಿತ್ತಾಳೆಯ ಚೊಂಬನ್ನು ಚೀಲದಿಂದ ಹೊರತೆಗೆದರು. ಆ ಕಾರಂಜಿಗಳಲ್ಲಿ ಒಂದರ ಮೇಲೆ ಮಕ್ಕಳನ್ನು ನುಂಗುತ್ತಿರುವ ರಾಕ್ಷಸನ ಪ್ರತಿಮೆಯಿರುವುದು. ಅದನ್ನು ಏಕೆ ಮಾಡಿದರೆಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಏಕವಾಕ್ಯತೆಯಿಲ್ಲ.

ಹಳೆಯ ಗಡಿಯಾರದ ಗೋಪುರದ ಮುಂದೆ ಗಂಟೆಗೊಮ್ಮೆ ಜನ ನೆರೆಯುವರು. ಕಸ್ಪರ್ ಬ್ರುನ್ನರ್ ಎಂಬ ಕುಶಲನು 1530ರ ಸುಮಾರಿಗೆ ಮಾಡಿದ ಯಂತ್ರ ಇಂದಿಗೂ ನಡೆಯುತ್ತಿದೆ. ಕೋಳಿ ಕೂಗುವುದು, ಕರಡಿಗಳು ಮೆರವಣಿಗೆ ಹೋಗುವುವು, ಕಾಲಪುರುಷನು ಮರಳಿನ ಗಡಿಯಾರವನ್ನು ತಿರುಗಿಸುವನು. ಅಲ್ಲಿಂದ ಕೂಗಳತೆಯ ದೂರದಲ್ಲಿ, ಕ್ರಾಮ್‌ಗಾಸ್ಸೆ ಬೀದಿಯ 49ನೆಯ ಮನೆಯಲ್ಲಿ, 1903ರಿಂದ 1905ರ ವರೆಗೆ ಐನ್‌ಸ್ಟೈನರು ಬಾಡಿಗೆಗಿದ್ದರು. ಪೇಟೆಂಟ್ ಕಚೇರಿಯ ನೌಕರರಾಗಿದ್ದ ಅವರು ಕಾಲವು ಸರ್ವರಿಗೂ ಸಮಾನವಲ್ಲವೆಂಬ ಸಿದ್ಧಾಂತವನ್ನು 1905ರಲ್ಲಿ ಪ್ರಕಟಿಸಿದರು. ನೆರೆಯಲ್ಲಿಯೇ ಇಂಥ ಗಡಿಯಾರವಿರಲು ಇದು ವಿನೋದದ ಸಂಗತಿಯಲ್ಲವೆ? ದೊಡ್ಡ ಇಗರ್ಜಿಯನ್ನು 1421ರಲ್ಲಿ ಆರಂಭಿಸಿ, ಶಿಖರವನ್ನು 1893ರಲ್ಲಿ ಮುಗಿಸಿದರು. ನಾವು ಮೊಣಕಾಲಿನ ನೋವಿನ ದೆಸೆಯಿಂದ ಅದನ್ನು ಕೆಳಗಿನಿಂದಲೇ ನೋಡಿದೆವು.

ಮೂರನೆಯ ದಿನ ನಾವೂ ನಮ್ಮ ಮನೆಯವರೂ ಜ್ಯೂರಿಕ್ ನಗರದಲ್ಲಿ ಉದ್ಯೋಗದಲ್ಲಿರುವ ಚಿರಂಜೀವಿಯೊಡನೆ ದಕ್ಷಿಣದ ಪರ್ವತಗಳ ಕಡೆಗೆ ಹೊರಟೆವು. ಯೂರೋಪಿನ ಜನ ಒಂದು ಕಾಲದಲ್ಲಿ ಈ ಶಿಖರಗಳಿಗೆ ಹೆದರುತ್ತಿದ್ದರು. ಜಿನೀವದ ಓರಾಸ್ ಬೆನೆಡಿಕ್ಟ್ ದ ಸೊಸ್ಸೂರ್ ಎಂಬ ಪಂಡಿತನು 1787ರಲ್ಲಿ ಮೋಂಬ್ಲಾಂಕ್ ಶಿಖರವನ್ನೇರಿದುದು ಆ ಭೀತಿಯನ್ನು ಕಳೆದ ಸಾಹಸಗಳಲ್ಲಿ ಒಂದು. ಆತನ ಮರಿಮಗ ಫೆರ್ಡಿನಾಂಡ್ ಭಾಷಾಶಾಸ್ತ್ರದಲ್ಲಿ ಕೀರ್ತಿಶಾಲಿಯಾದನು. ಆತನ ಡಾಕ್ಟರೇಟ್ ಪ್ರಬಂಧದ ವಿಷಯವು ಸಂಸ್ಕೃತದ ಸತಿಷಷ್ಠಿ. ಮಕ್ಕಳಿಗೆ ವಿಭಕ್ತಿಗಳನ್ನು ಉರುಹೊಡೆಸುತ್ತ ಆಯುಷ್ಯವನ್ನು ಕಳೆದ ನಮಗೆ, ಮುತ್ತಜ್ಜನ ಪರ್ವತಕ್ಕಿಂತ ಮರಿಮಗನ ಷಷ್ಠಿಯೇ ದೊಡ್ಡದಾಗಿ ಕಂಡರೆ ವಾಚಕರು ಕ್ಷಮಿಸಬೇಕು.

ರೈಲು ಕಾಂಡೆರ್‌ಸ್ಟೆಗ್ ದಾಟಿ ಲ್ಯೋಟ್ಷ್‌ಬೆರ್ಗ್ ಸುರಂಗವನ್ನು ಹೊಕ್ಕಿತು. 14 ಕಿಲೋಮೀಟರಿಗೂ ಮಿಗಿಲಾದ ಈ ಸುರಂಗವು 1913ರಲ್ಲಿ ತೆರೆಯಿತು. ಇದನ್ನು ಅಗೆಯುತ್ತಿದ್ದಾಗ, 1908ರಲ್ಲಿ, ಮೇಲಣ ಕಣಿವೆಯ ನೀರೂ ಜಲ್ಲಿಯೂ ಒಳನುಗ್ಗಿ 25 ಮಂದಿ ಕೂಲಿಗಳು ಸತ್ತರು. ಆಮೇಲೆ ಸುರಂಗವನ್ನು ಬಳಸಿ ತಿರುಗಿಸಬೇಕಾಯಿತು. ಆಚೆಯ ಗೋಪ್ಪೆನ್‌ಸ್ಟೈನ್ ನಿಲ್ದಾಣದಲ್ಲಿ ಇಳಿದು, ಬಸ್ಸು ಹತ್ತಿ, ಲ್ಯೋಟ್ಷೆನ್ ಕಣಿವೆಯನ್ನು ಸೇರಿದೆವು.

ಬಿಸಿಲಿಗೆ ಕಂದಿ ಕಪ್ಪಾದ ಮರದ ಮನೆಗಳು. ಕಿಟಕಿಗಳಲ್ಲಿ ಕೆಂಪು ಹೂಗಳು. ಧಾನ್ಯದ ಕಣಜಗಳನ್ನು ಮರದ ಕಾಲುಗಳ ಮೇಲೆ ನಿಲ್ಲಿಸಿ, ಕಾಲಿಗೂ ಕಣಜಕ್ಕೂ ನಡುವೆ ದುಂಡನೆಯ ಚಪ್ಪಟೆ ಕಲ್ಲನ್ನಿಟ್ಟಿರುವರು. ಇಲಿಯು ಕಾಲನ್ನೇರಬಹುದು, ಕಲ್ಲನ್ನು ದಾಟಲಾರದು. ನಮ್ಮ ಮನೆಯವರಿಗೆ ಆ ಪ್ರವಾಸದಲ್ಲಿ ಅತ್ಯಂತ ಮೆಚ್ಚಿಕೆಯಾದುದು ಈ ಉಪಾಯವೇ.

ಈ ಕಣಿವೆಯ ಮೇಲುಭಾಗದಲ್ಲಿ ಬ್ಲಾಟೆನ್ ಎಂಬ ಹಳ್ಳಿಯಿದ್ದಿತು. ಸುಮಾರು 300 ಮಂದಿಯ ವಾಸ. 2025ರ ಮೇ ತಿಂಗಳಲ್ಲಿ ಮೇಲಣ ಶಿಖರವೊಂದರ ಬಂಡೆಗಳು ಒಡೆದು ಬಿರ್ಚ್ ಎಂಬ ಹಿಮನದಿಯ ಮೇಲೆ ಬೀಳತೊಡಗಿದುವು. ಭಾರಕ್ಕೆ ಹಿಮವು ಕೆಳಗೆ ಜಾರುವ ವೇಗ ದಿನೇ ದಿನೇ ಹೆಚ್ಚಿತು. ಅಳೆಯುವವರು ಹಗಲಿರುಳೂ ಅಳೆಯುತ್ತಲೇ ಇದ್ದರು. 19ನೆಯ ತಾರೀಖು ಊರೆಲ್ಲ ಖಾಲಿಯಾಗಬೇಕೆಂದು ಅಪ್ಪಣೆಯಾಯಿತು. ದನಕುರಿಗಳನ್ನೂ ಸಾಗಿಸಿದರು, ಒಂದು ಆಕಳು ಹೆಲಿಕಾಪ್ಟರಿನಲ್ಲಿ ಹೋಯಿತು. ಒಂಬತ್ತು ದಿನಗಳ ತರುವಾಯ, 28ರ ಮಧ್ಯಾಹ್ನ, ಹಿಮವೂ ಬಂಡೆಯೂ ಕೂಡಿ ಕುಸಿದು, ಕ್ಷಣಮಾತ್ರದಲ್ಲಿ ಊರಿನ ಹತ್ತರಲ್ಲಿ ಒಂಬತ್ತು ಪಾಲು ಮಣ್ಣಾಯಿತು. ಲೋನ್ಜ ನದಿಗೆ ಒಡ್ಡು ಬಿದ್ದು, ಉಳಿದ ಮನೆಗಳೂ ನೀರಿನಲ್ಲಿ ಮುಳುಗಿದುವು. ಪ್ರಾಣ ಹೋದುದು ಒಬ್ಬರದು. ಬಂಡೆಗಳ ಬಿರುಕುಗಳಲ್ಲಿ ನಿತ್ಯವೂ ಹೆಪ್ಪುಗಟ್ಟಿರುವ ಹಿಮವು ಗಾರೆಯಂತೆ ಅವುಗಳನ್ನು ಹಿಡಿದಿಡುವುದು; ಭೂಮಿಯ ತಾಪವೇರಿ ಅದು ಕರಗಿದರೆ ಪರ್ವತವೇ ಸಡಿಲವಾಗುವುದು. ಈ ಕುಸಿತದಲ್ಲಿ ತಾಪದ ಪಾಲು ಎಷ್ಟೆಂಬುದನ್ನು ಶಾಸ್ತ್ರಜ್ಞರು ವಿಚಾರಿಸುತ್ತಿರುವರು.

ನಾವು ಕೆಳಗಣ ಕಿಪ್ಪೆಲ್ ಎಂಬ ಹಳ್ಳಿಯಲ್ಲಿ ನಿಂತು ನೋಡಿದೆವು. ಹಸುರು ಕಣಿವೆಗೆ ಅಡ್ಡಲಾಗಿ ಬೂದುಬಣ್ಣದ ರಾಶಿ. ಬಸ್ಸಿನ ನಿಲುಗಡೆಯಲ್ಲಿ ನಮ್ಮ ವಯಸ್ಸಿನ ಹೆಂಗಸೊಬ್ಬರು ಕುಳಿತಿದ್ದರು. ಬ್ಲಾಟೆನ್ ಊರಿನವರೇ, ಈಗ ನಂಟರ ಮನೆಯಲ್ಲಿರುವವರು. ಆ ಕಣಿವೆಯ ಮಾತು ಮಗನಿಗೂ ಪೂರ್ತಿಯಾಗಿ ತಿಳಿಯದು, ತಿಳಿದಷ್ಟನ್ನು ಹೇಳಿದನು. ಹೊರಡುವಾಗ ಏನು ತೆಗೆದುಕೊಂಡಿರಿ ಎಂದು ನಮ್ಮ ಮನೆಯವರು ಕೇಳಿಸಿದರು.

“ಕಾಗದಪತ್ರ, ಎರಡು ದಿನದ ಬಟ್ಟೆ. ಬೇಗನೆ ಬರುವೆವಲ್ಲ ಎಂದು ಹೂವಿನ ಕುಂಡಗಳಿಗೆ ನೀರು ಹಾಕಿ ಬಂದೆ, ತಾಯಿ.”

ನಮ್ಮ ಮನೆಯವರು ಅವರ ಕೈಯನ್ನು ಹಿಡಿದುಕೊಂಡು ಬಸ್ಸು ಬರುವ ವರೆಗೆ ಅಲ್ಲಿಯೇ ಕುಳಿತರು. ಊರನ್ನು ಮತ್ತೆ ಕಟ್ಟಬೇಕೆಂದು ಊರಿನವರ ಸಂಕಲ್ಪ. ಕೆಲವೇ ಮಂದಿಗಾಗಿ ಅಪಾಯದ ಸ್ಥಳದಲ್ಲಿ ಇಷ್ಟು ಹಣವನ್ನು ಸುರಿಯಬೇಕೇ ಎಂದು ಬಯಲಿನ ಪಟ್ಟಣಿಗರಲ್ಲಿ ಕೆಲವರು ಕೇಳುತ್ತಿರುವರು. ಲೆಕ್ಕ ಹಾಕುವವರ ಮಾತು ಲೆಕ್ಕಕ್ಕೆ ಸರಿಯೇ ಇರಬಹುದು. ಆದರೆ ಆ ನಿಲುಗಡೆಯಲ್ಲಿ ಕುಳಿತು ಅದನ್ನು ಹೇಳಲು ನಮಗಂತೂ ನಾಲಗೆ ಏಳದು.

ಮರುದಿನ ಬ್ರಿಗ್ ಮಾರ್ಗವಾಗಿ ಫೀಷ್ ಎಂಬಲ್ಲಿಗೆ ಹೋಗಿ, ತಂತಿಯ ಮೇಲೆ ನಡೆಯುವ ತೊಟ್ಟಿಲುಗಾಡಿಯಲ್ಲಿ ಎಗ್ಗಿಸ್‌ಹಾರ್ನ್ ಬೆಟ್ಟವನ್ನೇರಿದೆವು. ಕೆಳಗೆ ಆಲ್ಪ್ಸಿನಲ್ಲೆಲ್ಲ ದೊಡ್ಡದಾದ ಆಲೆಚ್ ಹಿಮನದಿ, ಸುಮಾರು 20 ಕಿಲೋಮೀಟರು ಉದ್ದ, ರಾಜಮಾರ್ಗದಂತೆ ಬಾಗಿ ಇಳಿದಿರುವುದು. ಹಿಂದೆ ಇದು ಬೆಳೆಯುತ್ತಲೂ ಇದರ ಪಕ್ಕದ ಮಡು ಒಡೆಯುತ್ತಲೂ ಇದ್ದು, ಕೆಳಗಿನ ಹಳ್ಳಿಗಳಿಗೆ ಪ್ರವಾಹ ಬರುತ್ತಿತ್ತು. ಅದಕ್ಕಾಗಿ ಫೀಷ್ ಸೀಮೆಯ ಜನರು 1678ರಲ್ಲಿ ಹರಕೆ ಹೊತ್ತು, ಹಿಮವು ಬೆಳೆಯದಿರಲೆಂದು ಪ್ರಾರ್ಥಿಸುತ್ತ ಬಂದರು. 19ನೆಯ ಶತಮಾನದ ನಡುವಿನಿಂದೀಚೆಗೆ ಹಿಮನದಿಯು 3 ಕಿಲೋಮೀಟರಿಗಿಂತ ಹೆಚ್ಚು ಹಿಂದೆ ಸರಿದಿದೆ. ಮೇಲುಗಡೆ 1877ರಲ್ಲಿ ಕಟ್ಟಿದ ಕೊಂಕಾರ್ಡಿಯ ಛತ್ರಕ್ಕೆ ಈಗ ಹಿಮದಿಂದ ನೂರು ಮೀಟರಿಗೂ ಮಿಗಿಲಾದ ಕಬ್ಬಿಣದ ಮೆಟ್ಟಿಲುಗಳನ್ನೇರಬೇಕು. 2022 ಮತ್ತು 2023, ಈ ಎರಡೇ ವರ್ಷಗಳಲ್ಲಿ ಆ ದೇಶದ ಹಿಮರಾಶಿಯಲ್ಲಿ ಹತ್ತರಲ್ಲೊಂದು ಪಾಲು ಕರಗಿಹೋಯಿತು. ಹಿಮನದಿಯು ಹಿಂದೆ ಸರಿಯುತ್ತಲೇ ಇದ್ದುದರಿಂದ ಹಳ್ಳಿಗರು 2009ರಲ್ಲಿಯೇ ರೋಮಿನ ಪೋಪರಿಗೆ ಅರಿಕೆ ಮಾಡಿಕೊಂಡರು, ಅನುಮತಿಯೂ ದೊರೆಯಿತು. ಈಗ ಅದೇ ಹರಕೆಯಲ್ಲಿ, ಹಿಮವು ಕರಗದಿರಲೆಂದು ಬೇಡುತ್ತಾರೆ.

ಗಾಳಿ ಬಹಳ ಚಳಿಯಾಗಿತ್ತು. ಮಗನು ಕೊನೆಯ ಗಾಡಿಗೆ ಹೊತ್ತಾಯಿತೆಂದು ಎಚ್ಚರಿಸಿದನು. ನಮ್ಮ ಮನೆಯವರು ಹಿಮದ ಕಡೆಗೆ ತಿರುಗಿ ಕೈಮುಗಿದು ಶಾಲನ್ನು ಬಿಗಿಯಾಗಿ ಹೊದೆದುಕೊಂಡರು, ನಾವು ಇಳಿದೆವು.