ಪೇಷೆಂಟ್ ಕಡೆಯವರು



ಕ್ಯಾನ್ಸರ್ ಕಾಯಿಲೆಯ ಕುರಿತು ವೈದ್ಯರು ಬರೆದ ಲೇಖನಗಳು ನಮ್ಮ ಭಾಷೆಯಲ್ಲಿ ಸಾಕಷ್ಟಿವೆ. ಗೆಡ್ಡೆ ಹೇಗೆ ಬೆಳೆಯುತ್ತದೆ, ಅದಕ್ಕೆ ಯಾವ ಚಿಕಿತ್ಸೆ ಇದೆ ಎಂಬುದನ್ನು ಅವುಗಳಿಂದ ತಿಳಿಯಬಹುದು. ಆದರೆ ಚಿಕಿತ್ಸೆಯ ದಿನಗಳು ಹೇಗೆ ಕಳೆಯುತ್ತವೆ ಎಂಬುದನ್ನು ಬಲ್ಲವರು ಬೇರೆಯೇ ಇದ್ದಾರೆ. ಒಬ್ಬರು ರೋಗಿ, ಇನ್ನೊಬ್ಬರು ರೋಗಿಯ ಜೊತೆಗೆ ಬಂದವರು. ಈ ಎರಡನೆಯವರನ್ನು ನಮ್ಮ ಆಸ್ಪತ್ರೆಗಳಲ್ಲಿ "ಪೇಷೆಂಟ್ ಕಡೆಯವರು" ಎಂದು ಕರೆಯುತ್ತಾರೆ. ಹಣ ಕಟ್ಟುವಾಗ, ರಕ್ತ ಹೊಂದಿಸುವಾಗ, ಕಾಗದಕ್ಕೆ ಸಹಿ ಮಾಡುವಾಗ "ಪೇಷೆಂಟ್ ಕಡೆಯವರು ಯಾರು?" ಎಂಬ ಕೂಗು ಕೇಳಿಬರುತ್ತದೆ. "ನಮ್ಮ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುವುದು ಹೇಗೆ?" ಎಂದು ಕೇಳುವುದಕ್ಕಾಗಿ ಆ ಕೂಗು ಎದ್ದುದನ್ನು ನಾನು ಕೇಳಿದವನಲ್ಲ. ಇಂದಿನ ಬರಹ ಆ ಪ್ರಶ್ನೆಯನ್ನು ಕುರಿತದ್ದು. ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಇಂದು ವೈದ್ಯರಾಗಿ, ದಾದಿಯರಾಗಿ, ಔಷಧದಂಗಡಿಯವರಾಗಿ, ಆಸ್ಪತ್ರೆಯ ಕಚೇರಿಗಳಲ್ಲಿ ಗುಮಾಸ್ತರಾಗಿ ದುಡಿಯುತ್ತಿರುವುದರಿಂದ ಇದನ್ನು ಬರೆಯುವ ಸಲಿಗೆ ನನಗಿದೆ ಎಂದುಕೊಂಡಿದ್ದೇನೆ.

ನಮ್ಮ ಶಾಲೆಯ ಎಂಟನೆಯ ತರಗತಿಯ ಕೊಠಡಿಯನ್ನು ನೀವು ಮರೆತಿರಲಾರಿರಿ. ಪಶ್ಚಿಮದ ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ನೇರವಾಗಿ ಕರಿಹಲಗೆಯ ಮೇಲೆ ಬೀಳುತ್ತಿತ್ತು. ಹಲಗೆಯ ಮುಂದೆ ನಿಂತ ಮೇಷ್ಟರಿಗೆ ಅಕ್ಷರಗಳು ಸ್ಪಷ್ಟ. ಎಡಗಡೆಯ ಬೆಂಚಿನವರಿಗೆ ಮಾತ್ರ ಬರಿಯ ಹೊಳಪು. ಮೊದಲ ಸಾಲು ಬರೆದ ಮೇಲೆ ನಾನು ಹಿಂದಿನ ಬೆಂಚಿನವರೆಗೂ ನಡೆದು "ಕಾಣಿಸುತ್ತದೆಯೇ?" ಎಂದು ಕೇಳುತ್ತಿದ್ದುದು ಅದಕ್ಕಾಗಿಯೇ. ಬಿ.ಎಡ್. ತರಬೇತಿಯಲ್ಲಿ ನಮ್ಮ ಗುರುಗಳು ಕಲಿಸಿದ ಪಾಠವಿದು. ಆಸ್ಪತ್ರೆಯಲ್ಲಿಯೂ ಇಂತಹ ಎಡಗಡೆಯ ಬೆಂಚು ಒಂದಿರುತ್ತದೆ ಎಂಬುದು ನನಗೆ ತಿಳಿದದ್ದು 2009ರಲ್ಲಿ.

ಆ ವರ್ಷ ನನ್ನ ತಂಗಿಗೆ ಕೆನ್ನೆಯ ಒಳಭಾಗದಲ್ಲಿ ಕ್ಯಾನ್ಸರ್ ಎಂದು ಗೊತ್ತಾಯಿತು. ಎಲೆಅಡಿಕೆಯೊಂದಿಗೆ ಹೊಗೆಸೊಪ್ಪು ಹಾಕುವ ಅಭ್ಯಾಸ ಅವಳಿಗೆ ಮದುವೆಯಾದ ಹೊಸದರಿಂದಲೂ ಇತ್ತು. ಶಸ್ತ್ರಚಿಕಿತ್ಸೆಯಾದ ಬಳಿಕ ವಾರಕ್ಕೆ ಐದು ದಿನದಂತೆ ಆರು ವಾರ ವಿಕಿರಣ ಚಿಕಿತ್ಸೆ ಎಂದರು. ನಮ್ಮ ಕಡೆಯ ಜನ ಇದನ್ನು "ಕರೆಂಟು ಕೊಡುವುದು" ಎನ್ನುತ್ತಾರೆ. ಅವಳ ಯಜಮಾನರು ಜಮೀನು ಬಿಟ್ಟು ಬರುವಂತಿರಲಿಲ್ಲ. ನನಗೆ ಬೇಸಿಗೆಯ ರಜೆ. ಹೀಗಾಗಿ ನಾನೇ ಪೇಷೆಂಟ್ ಕಡೆಯವನಾದೆ.

ಯಂತ್ರದ ಕೆಳಗೆ ಮಲಗುವುದು ಕೆಲವೇ ನಿಮಿಷ. ಅದಕ್ಕಾಗಿ ಕಾಯುವುದು ಮೂರು ನಾಲ್ಕು ಗಂಟೆ. ಮೂರನೆಯ ವಾರಕ್ಕೆ ಬಾಯಿಯೆಲ್ಲ ಹುಣ್ಣಾಗಿ ತಂಗಿಗೆ ಉಗುಳು ನುಂಗುವುದೂ ಕಷ್ಟವಾಯಿತು. ಕ್ಯಾಂಟೀನಿನಲ್ಲಿ ಖಾರವಿಲ್ಲದ ಪದಾರ್ಥವೇ ಇರಲಿಲ್ಲ. ಏನು ತಿನ್ನಬೇಕು, ಏನು ತಿನ್ನಬಾರದು ಎಂದು ಕೊಟ್ಟ ಹಾಳೆ ಇಂಗ್ಲಿಷಿನಲ್ಲಿತ್ತು. ಕಾರಿಡಾರಿನ ಬೆಂಚಿನ ಮೇಲೆ ಕುಳಿತ ಹೆಂಗಸರೇ ಒಬ್ಬರಿಗೊಬ್ಬರು ಪಾಠ ಹೇಳುತ್ತಿದ್ದರು: ರಾಗಿ ಗಂಜಿಯನ್ನು ತೆಳ್ಳಗೆ ಸೋಸಿ ಆರಿಸಿ ಕುಡಿ, ಮಜ್ಜಿಗೆಗೆ ಹಸಿಮೆಣಸು ಹಾಕಬೇಡ, ಊಟಕ್ಕೆ ಮೊದಲು ಬಾಯಿ ಮುಕ್ಕಳಿಸು.

ಅದೇ ಬೆಂಚಿನ ಮೇಲೆ ದೂರದ ತಾಲ್ಲೂಕಿನ ಒಬ್ಬ ಹಿರಿಯರು ಕೂರುತ್ತಿದ್ದರು. ಅವರಿಗೂ ಬಾಯಿಯದೇ ಕಾಯಿಲೆ. ನಾಲ್ಕನೆಯ ವಾರ ಅವರು ಬರುವುದು ನಿಂತಿತು. ಹೆಸರು ಕೂಗಿದರು, ಉತ್ತರವಿಲ್ಲ; ಕಡತದಲ್ಲಿ ಗೈರುಹಾಜರಿ ಬರೆದುಕೊಂಡರು. ಕಾರಣವೇನೆಂದು ಬೆಂಚಿಗೆ ಗೊತ್ತಿತ್ತು. ಅವರಿಗೆ ಗೊತ್ತುಮಾಡಿದ್ದ ಸಮಯ ಬೆಳಿಗ್ಗೆ ಎಂಟು ಗಂಟೆ; ಅವರ ಊರಿನ ಮೊದಲ ಬಸ್ಸು ನಗರಕ್ಕೆ ಬರುವುದು ಹನ್ನೊಂದಕ್ಕೆ. ಅದಕ್ಕಾಗಿ ಬಾಡಿಗೆಯ ಕೋಣೆ ಹಿಡಿದಿದ್ದರು; ಕೈಯಲ್ಲಿದ್ದ ಹಣ ಮುಗಿದಾಗ ಊರಿಗೆ ಹೊರಟುಹೋದರು. ಮಧ್ಯಾಹ್ನದ ಸಮಯ ಕೊಟ್ಟಿದ್ದರೆ ಉಳಿದ ದಿನಗಳನ್ನು ಅವರು ಪೂರೈಸುತ್ತಿದ್ದರು. ತಲೆ ಮತ್ತು ಕತ್ತಿನ ಭಾಗದ ಕ್ಯಾನ್ಸರಿಗೆ ಕೊಡುವ ವಿಕಿರಣ ನಡುವೆ ನಿಂತರೆ ಗುಣವಾಗುವ ಸಾಧ್ಯತೆ ಕುಗ್ಗುತ್ತದೆ ಎಂಬುದನ್ನು ಯಾವ ವೈದ್ಯರೂ ಒಪ್ಪುತ್ತಾರೆ. ಹಾಗಾದರೆ ಬಸ್ಸಿನ ವೇಳೆಯೂ ಚಿಕಿತ್ಸೆಗೆ ಸೇರಿದ ವಿಷಯವೇ ಅಲ್ಲವೇ? ಅದು ಯಂತ್ರ ನಡೆಸುವವರಿಗೆ ತಿಳಿಯುವಂತಿರಲಿಲ್ಲ. ಬೆಂಚಿನವರನ್ನು ಕೇಳಿದ್ದರೆ ತಿಳಿಯುತ್ತಿತ್ತು.

ಕೊನೆಯ ದಿನ ಒಂದು ನಮೂನೆ ಕೊಟ್ಟರು. "ಉತ್ತಮ, ಸಾಧಾರಣ, ಕಳಪೆ" ಎಂಬ ಮೂರು ಚೌಕಗಳು. ಒಂದಕ್ಕೆ ಗುರುತು ಹಾಕಬೇಕು. ನಾನು ಓದಿ ಹೇಳಿದೆ. ತಂಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣಾ, ನಾನು ಹೇಳಬೇಕಾದ್ದಕ್ಕೆ ಇದರಲ್ಲಿ ಮನೆಯೇ ಇಲ್ಲವಲ್ಲ" ಎಂದಳು.

ರೋಗಿಯ ಮಾತಿಗೆ ಅಂತಹ ಸ್ಥಾನ ಸಿಕ್ಕಿದ ಸಂದರ್ಭಗಳೂ ಜಗತ್ತಿನಲ್ಲಿವೆ. ನಿವೃತ್ತಿಯ ನಂತರ ಈ ವಿಷಯವನ್ನು ಹುಡುಕಿ ಓದಿದಾಗ ಅವು ನನಗೆ ತಿಳಿದವು.

ಅಮೆರಿಕದ ಪತ್ರಕರ್ತೆ ರೋಸ್ ಕುಷ್ನರ್ ಅವರಿಗೆ 1974ರಲ್ಲಿ ಸ್ತನದಲ್ಲಿ ಗಂಟು ಕಾಣಿಸಿಕೊಂಡಿತು. ಅರಿವಳಿಕೆ ಕೊಟ್ಟು ಗಂಟಿನ ತುಣುಕನ್ನು ಪರೀಕ್ಷಿಸಿ, ಕ್ಯಾನ್ಸರ್ ಎಂದು ಕಂಡುಬಂದರೆ ಹೆಂಗಸಿಗೆ ಎಚ್ಚರವಾಗುವ ಮೊದಲೇ ಸ್ತನವನ್ನೂ ಅದರ ಕೆಳಗಿನ ಸ್ನಾಯುಗಳನ್ನೂ ತೆಗೆದುಬಿಡುವುದು ಅಂದಿನ ವಾಡಿಕೆ. ಏನಾಯಿತೆಂಬುದು ಅವಳಿಗೆ ಗೊತ್ತಾಗುತ್ತಿದ್ದುದು ಕಣ್ಣು ತೆರೆದ ಮೇಲೆ. ಕುಷ್ನರ್ ಇದಕ್ಕೆ ಒಪ್ಪಲಿಲ್ಲ. ಮೊದಲು ಪರೀಕ್ಷೆ ಮಾತ್ರ ನಡೆಯಲಿ, ಮುಂದಿನದನ್ನು ನಾನು ಎಚ್ಚರವಿದ್ದು ತೀರ್ಮಾನಿಸುತ್ತೇನೆ ಎಂಬುದು ಅವರ ನಿಲುವು. ಇದಕ್ಕೆ ಒಪ್ಪುವ ಶಸ್ತ್ರವೈದ್ಯರನ್ನು ಹುಡುಕಲು ಅವರು ಬಹಳ ಅಲೆಯಬೇಕಾಯಿತು. 1975ರಲ್ಲಿ ತಮ್ಮ ಅನುಭವವನ್ನೂ ಅಧ್ಯಯನವನ್ನೂ ಸೇರಿಸಿ ಪುಸ್ತಕ ಬರೆದರು. 1979ರಲ್ಲಿ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ತಜ್ಞರ ಸಮಿತಿಯನ್ನು ಸೇರಿಸಿದಾಗ, ಜನಸಾಮಾನ್ಯರ ಕಡೆಯಿಂದ ಅದರಲ್ಲಿ ಕುಳಿತವರು ಕುಷ್ನರ್ ಒಬ್ಬರೇ. ಪರೀಕ್ಷೆ ಮತ್ತು ಶಸ್ತ್ರಚಿಕಿತ್ಸೆಗಳನ್ನು ಎರಡು ಹಂತಗಳಾಗಿ ನಡೆಸುವುದು ಲೇಸೆಂದು ಸಮಿತಿ ಶಿಫಾರಸು ಮಾಡಿತು.

ಇಂಗ್ಲೆಂಡಿನ ಲ್ಯೂಟನ್ ಅಂಡ್ ಡನ್‌ಸ್ಟಬಲ್ ಆಸ್ಪತ್ರೆಯಲ್ಲಿ 2005ರ ಸುಮಾರಿಗೆ ನಡೆದ ಕೆಲಸ ನನ್ನ ತಂಗಿಯ ಕಾಯಿಲೆಗೆ ಇನ್ನೂ ಹತ್ತಿರದ್ದು. ತಲೆ ಮತ್ತು ಕತ್ತಿನ ಕ್ಯಾನ್ಸರ್ ವಿಭಾಗವನ್ನು ಸುಧಾರಿಸಲು ಪಾಲ್ ಬೇಟ್ ಮತ್ತು ಗ್ಲೆನ್ ರಾಬರ್ಟ್ ಎಂಬ ಇಬ್ಬರು ಸಂಶೋಧಕರು ಅಲ್ಲಿನವರೊಡನೆ ಸೇರಿ ಒಂದು ಕ್ರಮವನ್ನು ರೂಪಿಸಿದರು. ರೋಗಿಗಳೂ ಮನೆಯವರೂ ತಮ್ಮ ಕಥೆಯನ್ನು ಮೊದಲಿನಿಂದ ಹೇಳಬೇಕು, ಅದನ್ನು ಚಿತ್ರೀಕರಿಸಿಕೊಳ್ಳಬೇಕು. ಸಿಬ್ಬಂದಿಯ ಅನುಭವವನ್ನೂ ಪ್ರತ್ಯೇಕವಾಗಿ ಕೇಳಬೇಕು. ಬಳಿಕ ಇಬ್ಬರೂ ಒಂದೇ ಕೋಣೆಯಲ್ಲಿ ಕುಳಿತು ಆ ಚಿತ್ರವನ್ನು ನೋಡಿ, ಯಾವುದನ್ನು ಮೊದಲು ಸರಿಪಡಿಸಬೇಕೆಂದು ಗೊತ್ತುಮಾಡಿ, ಸಣ್ಣ ಗುಂಪುಗಳಾಗಿ ಕೈಜೋಡಿಸಬೇಕು. ದೂರು ಕೊಡುವವರು, ಕೇಳುವವರು ಎಂಬ ಭೇದ ಇಲ್ಲಿ ಇರುವುದಿಲ್ಲ. ಆ ದೇಶದಲ್ಲಿ 1995ರ ಕಾಲ್ಮನ್-ಹೈನ್ ವರದಿಯೇ ಕ್ಯಾನ್ಸರ್ ಸೇವೆಗಳನ್ನು ರೂಪಿಸುವಾಗ ರೋಗಿಗಳ, ಮನೆಯವರ ಅಭಿಪ್ರಾಯವನ್ನು ಗಮನಿಸಬೇಕೆಂದು ಹೇಳಿತ್ತು. 2010ರಿಂದ ಕ್ಯಾನ್ಸರ್ ರೋಗಿಗಳ ಅನುಭವ ಕೇಳುವ ರಾಷ್ಟ್ರಮಟ್ಟದ ಸಮೀಕ್ಷೆಯೂ ನಡೆಯುತ್ತ ಬಂದಿದೆ.

ಅಷ್ಟು ದೂರ ಹೋಗಬೇಕಾದ ಅಗತ್ಯವೂ ಇಲ್ಲ. ತಂಗಿಯ ಕಾಯಿಲೆ ಎರಡು ವರ್ಷಗಳ ಬಳಿಕ ಮರುಕಳಿಸಿತು. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದರು. ನೋವಿಗೆ ಬರೆದುಕೊಟ್ಟ ಮಾರ್ಫಿನ್ ಮಾತ್ರೆ ನಮ್ಮ ತಾಲ್ಲೂಕಿನ ಯಾವ ಅಂಗಡಿಯಲ್ಲಿಯೂ ಇರಲಿಲ್ಲ. ತೊಂಬತ್ತು ಕಿಲೋಮೀಟರ್ ದೂರದಿಂದ ತರಬೇಕಿತ್ತು. 1985ರ ಮಾದಕ ವಸ್ತುಗಳ ಕಾಯಿದೆಯ ಕಟ್ಟುಪಾಡುಗಳಿಂದಾಗಿ ದೇಶದ ಬಹುಭಾಗದಲ್ಲಿ ಅಂದು ಇದೇ ಸ್ಥಿತಿ. ಆ ಕಾಯಿದೆ ಸಡಿಲಗೊಂಡದ್ದು 2014ರಲ್ಲಿ. ತಂಗಿ ತೀರಿಕೊಂಡದ್ದು 2012ರಲ್ಲಿ. ಆ ರಾತ್ರಿಗಳ ಬಗ್ಗೆ ನಮ್ಮ ಬಂಧುಗಳಿಗೆ ನಾನು ಹೇಳಬೇಕಾದುದೇನೂ ಇಲ್ಲ.

ಪಕ್ಕದ ಕೇರಳದಲ್ಲಿ ಅದೇ ಕಾಲಕ್ಕೆ ಬೇರೆಯೇ ಒಂದು ವ್ಯವಸ್ಥೆ ಬೆಳೆದಿತ್ತು. ಕೋಳಿಕ್ಕೋಡಿನಲ್ಲಿ 1993ರಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ನೋವು ಶಮನದ ಸಂಸ್ಥೆಯೊಂದನ್ನು ಆರಂಭಿಸಿದರು. ಆಸ್ಪತ್ರೆಗೆ ಬರಲಾಗದವರು ಬಹಳ ಮಂದಿ ಎಂಬುದು ಅವರಿಗೆ ಬೇಗನೆ ಅರಿವಾಯಿತು. ಮುಂದಿನ ಕೆಲವು ವರ್ಷಗಳಲ್ಲಿ ಮಲಪ್ಪುರಂ ಮೊದಲಾದ ಜಿಲ್ಲೆಗಳಲ್ಲಿ ನೆರೆಹೊರೆಯವರೇ ಈ ಕೆಲಸಕ್ಕೆ ಇಳಿದರು. ವಾರಕ್ಕೆ ಎರಡು ಗಂಟೆಯನ್ನಾದರೂ ಕೊಡಬಲ್ಲವರು ತರಬೇತಿ ಪಡೆದು, ದಾದಿಯರ ಜೊತೆ ಮನೆಮನೆಗೆ ಹೋದರು. ಹೋದಲ್ಲಿ ಅವರು ಕಂಡದ್ದು ನೋವನ್ನು ಮಾತ್ರವಲ್ಲ. ಖಾಲಿಯಾದ ಅಕ್ಕಿಯ ಡಬ್ಬಿ, ಶಾಲೆ ಬಿಟ್ಟ ಮಕ್ಕಳು. ಹಾಗಾಗಿ ಔಷಧದ ಜೊತೆಗೆ ಅಕ್ಕಿಯನ್ನೂ ಮಕ್ಕಳ ಓದಿನ ಖರ್ಚನ್ನೂ ಹೊಂದಿಸಿಕೊಟ್ಟರು. ಸ್ಥಳೀಯರ ಚಿಕ್ಕ ಚಿಕ್ಕ ದೇಣಿಗೆಗಳೇ ಇದಕ್ಕೆ ಆಧಾರವಾದವು. 2008ರಲ್ಲಿ ಕೇರಳ ಸರ್ಕಾರ ಇದಕ್ಕಾಗಿ ಒಂದು ನೀತಿಯನ್ನೇ ಪ್ರಕಟಿಸಿತು. ದೇಶದಲ್ಲಿ ಅಂಥದ್ದು ಅದೇ ಮೊದಲು.

ಇದನ್ನೆಲ್ಲ ಓದಿದ ಮೇಲೆ ಆಸ್ಪತ್ರೆಗಳಲ್ಲಿರುವ ನನ್ನ ವಿದ್ಯಾರ್ಥಿಗಳಿಗೆ ಕೆಲವು ಮಾತು ಹೇಳಬೇಕೆನಿಸುತ್ತದೆ.

ರೋಗಿಗಳನ್ನು ಕೇಳಿ, ಆದರೆ ಚಿಕಿತ್ಸೆ ಕೊಡುವ ವೈದ್ಯರ ಎದುರಿಗೆ ಕೇಳಬೇಡಿ. ನಮ್ಮ ಹಳ್ಳಿಯ ಜನ ಅಲ್ಲಿ ಕೈಮುಗಿದು "ದೇವರ ಹಾಗೆ ನೋಡಿಕೊಂಡಿರಿ" ಎನ್ನುತ್ತಾರೆ. ಅದು ಸುಳ್ಳಲ್ಲ, ಆದರೆ ನಿಮಗೆ ಬೇಕಾದ ಉತ್ತರವೂ ಅಲ್ಲ. ಚಿಕಿತ್ಸೆ ಮುಗಿದವರನ್ನು ಕರೆಸಿ, ಬಸ್ಸಿನ ಖರ್ಚು ಕೊಟ್ಟು, ಅವರ ಭಾಷೆಯಲ್ಲಿ ಕೇಳಿ. ಇಂಗ್ಲಿಷ್ ಬಲ್ಲ ಒಬ್ಬಿಬ್ಬರನ್ನು ಸಮಿತಿಯಲ್ಲಿ ಕೂರಿಸಿ ಕೆಲಸ ಮುಗಿಯಿತೆಂದು ತಿಳಿಯಬೇಡಿ. ಓದುಬರಹ ಬಾರದ ನನ್ನ ತಂಗಿಗೆ ಗೊತ್ತಿದ್ದಷ್ಟು ನನಗೆ ಗೊತ್ತಿರಲಿಲ್ಲ. ಮನೆಯವರನ್ನು ಬೇರೆಯಾಗಿ ಮಾತನಾಡಿಸಿ. ರೋಗಿಯ ಮುಂದೆ ಅವರು ತಮ್ಮ ಕಷ್ಟ ಹೇಳುವುದಿಲ್ಲ. ಕೇಳಿದ್ದರಲ್ಲಿ ಏನನ್ನು ಬದಲಾಯಿಸಿದಿರಿ, ಏನು ಸಾಧ್ಯವಾಗಲಿಲ್ಲ ಎಂಬುದನ್ನು ಅವರಿಗೆ ತಿಳಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಅರ್ಧದಲ್ಲಿ ಬರುವುದನ್ನು ನಿಲ್ಲಿಸಿದವರಿಗೆ ಒಂದು ಫೋನ್ ಮಾಡಿ. ಸೇವೆಯಲ್ಲಿ ಕೊರತೆ ಎಲ್ಲಿದೆಯೆಂಬುದು ಅವರಿಗೆ ಚೆನ್ನಾಗಿ ತಿಳಿದಿರುತ್ತದೆ. ಹೇಳಲು ಅವರು ನಿಮ್ಮ ಎದುರಿಗೆ ಇರುವುದಿಲ್ಲ.

ಬಂಧುಮಿತ್ರರಲ್ಲಿ ಆರೈಕೆಯ ಭಾರ ಹೊತ್ತವರು ಹಲವರಿದ್ದೀರಿ. ಆಸ್ಪತ್ರೆಯವರು ಕೇಳದಿದ್ದರೂ ನೀವು ಕಂಡದ್ದನ್ನು ಒಂದು ಹಾಳೆಯಲ್ಲಿ ಬರೆದು ಅಲ್ಲಿನ ಮುಖ್ಯಸ್ಥರಿಗೆ ಕೊಡಿ. ಕೋಪದಿಂದ ಬೇಡ, ವಿವರವಾಗಿ ಬರೆಯಿರಿ: ಎಷ್ಟು ಹೊತ್ತಿಗೆ ಬಂದಿರಿ, ಎಷ್ಟು ಕಾದಿರಿ, ಯಾವ ಮಾತು ಅರ್ಥವಾಗಲಿಲ್ಲ, ಯಾವುದು ಅನುಕೂಲವಾಯಿತು. ನನಗೂ ಒಂದು ಪ್ರತಿ ಕಳುಹಿಸಿದರೆ ಸಂತೋಷ.