ಸತ್ಲಜ್ ತೀರದ ಹೂಗಳು

ಪಂಜಾಬಿನ ಆನಂದಪುರ ಸಾಹಿಬಿಗೆ ಹೋಗುವ ದಾರಿಯಲ್ಲಿ ನಾವು ಸತ್ಲಜ್ ತೀರದ ಕೀರತ್‌ಪುರದಲ್ಲಿ ಇಳಿದೆವು. ಇಲ್ಲಿಯ ಪಾತಾಳಪುರಿ ಗುರುದ್ವಾರವು ಸಿಖ್ಖರ ಆರನೆಯ ಗುರು ಹರಗೋಬಿಂದರ (1644) ಹಾಗೂ ಏಳನೆಯ ಗುರು ಹರರಾಯರ (1661) ಅಂತ್ಯಸಂಸ್ಕಾರ ನಡೆದ ಪುಣ್ಯಸ್ಥಳ.

ದೂರದೂರುಗಳಿಂದ ಬಂದ ಕುಟುಂಬಗಳು ಗತಿಸಿದ ತಮ್ಮವರ ಅಸ್ಥಿಯನ್ನು ಹೂವಿನ ಎಸಳುಗಳೊಡನೆ ಇಲ್ಲಿ ನೀರಿಗೆ ಬಿಡುತ್ತವೆ. ಚಿತೆ ಆರಿದ ಮೇಲೆ ಆಯ್ದ ಅಸ್ಥಿಗೆ ಪಂಜಾಬಿಯಲ್ಲಿ ‘ಫುಲ್’, ಅಂದರೆ ಹೂವು ಎಂದೇ ಹೆಸರು. ಎಲುಬನ್ನೂ ಹೂವೆಂದು ಕರೆದ ಆ ಮಮತೆ ನಮ್ಮ ಮನವನ್ನು ಕರಗಿಸಿತು.

ಆದರೆ 1945ರಲ್ಲಿ ಅಂಗೀಕೃತವಾದ ‘ಸಿಖ್ ರೆಹತ್ ಮರ್ಯಾದಾ’ ಇದನ್ನು ಒಪ್ಪುವುದಿಲ್ಲ. ಅಸ್ಥಿಯನ್ನು ಆಯ್ದು ಗಂಗೆಗಾಗಲಿ, ಇದೇ ಪಾತಾಳಪುರಿಗಾಗಲಿ ಒಯ್ಯುವುದು ಗುರುಗಳ ಮತಕ್ಕೆ ವಿರುದ್ಧವೆಂದು ಅದು ಸಾರುತ್ತದೆ. ಬೂದಿಯನ್ನು ಅಸ್ಥಿಸಹಿತ ಹರಿಯುವ ನೀರಿಗೆ ಬಿಡಬೇಕು, ಇಲ್ಲವೇ ಅಲ್ಲಿಯೇ ಹೂಳಬೇಕು, ಸ್ಮಾರಕ ಕಟ್ಟಲಾಗದು. ಮೋಕ್ಷವು ತೀರ್ಥದಲ್ಲಿಲ್ಲ ಎಂಬುದೇ ಇದರ ಹುರುಳು.

ಬಾಲ್ಯದಲ್ಲಿ ತಮ್ಮ ನಿಲುವಂಗಿ ತಗುಲಿ ಹೂಗಳು ಉದುರಿದಾಗ ಹರರಾಯರು ಬಹಳ ನೊಂದರೆಂದು ಸಿಖ್ಖರು ಭಕ್ತಿಯಿಂದ ಹೇಳುತ್ತಾರೆ. ಅಂಥ ಗುರುವಿನ ನೆಲದಲ್ಲಿ ನಿಂತಾಗ ನಮಗೆ ಅನಿಸಿದ್ದಿಷ್ಟೆ: ನಿಯಮವು ನೇರ, ದುಃಖವು ಮೃದು, ಎರಡನ್ನೂ ಈ ನದಿ ಮೌನವಾಗಿ ಹೊತ್ತು ಹರಿಯುತ್ತಿದೆ.