ಬಿಸಿಲೂರಿನವನ ಬೆವರು

ರಾಯಚೂರಿನವನಿಗೆ ಬಿಸಿಲಿನ ಪಾಠ ಹೇಳಬೇಡಿ ಅಂತ ನಾನು ಬಹಳ ಜನಕ್ಕೆ ಹೇಳಿದ್ದೇನೆ. ಮೇ ತಿಂಗಳ 42 ಡಿಗ್ರಿಯಲ್ಲಿ ಚಪ್ಪಲಿಯಿಲ್ಲದೆ ಚೆಂಡಾಡಿದವರು ನಾವು. ಹೀಗಾಗಿ 2023ರ ಆಗಸ್ಟ್ ಕೊನೆಯ ಭಾನುವಾರ ಹೈದರಾಬಾದ್ ಮ್ಯಾರಥಾನಿನ ಅರ್ಧ ದೂರಕ್ಕೆ, ಅಂದರೆ 21.1 ಕಿಲೋಮೀಟರಿಗೆ ಹೆಸರು ಕೊಟ್ಟಾಗ ನನಗಾಗಲಿ, ನನ್ನ ರೂಮಿನ ಗೆಳೆಯನಿಗಾಗಲಿ ಹವೆಯ ಚಿಂತೆಯೇ ಇರಲಿಲ್ಲ. ಅವನೂ ನಮ್ಮೂರವನೇ. "ಮಳಿಗಾಲದಾಗ ಎಂಥಾ ಬಿಸಿಲಲೇ?" ಅಂದ. ಎರಡು ಗಂಟೆಯೊಳಗೆ ಮುಗಿಸಬೇಕು, ಹಿಂದೆ ಬಿದ್ದವನು ಬಿರಿಯಾನಿ ಕೊಡಿಸಬೇಕು ಅಂತ ಪಂದ್ಯ ಕಟ್ಟಿದೆವು.

ಹುಸೇನ್ ಸಾಗರದ ದಂಡೆಯ ನೆಕ್ಲೇಸ್ ರಸ್ತೆಯಿಂದ ನಸುಕಿನಲ್ಲಿ ಹೊರಟೆವು. ಮೋಡ ಕವಿದಿತ್ತು. ಬಿಸಿಲಿನ ಸುಳಿವಿಲ್ಲ, ಗಾಳಿಯದೂ ಇಲ್ಲ. ಪಂಜಗುಟ್ಟ ಮೇಲ್ಸೇತುವೆ ಹತ್ತುವಷ್ಟರಲ್ಲಿ ಅಂಗಿ ನೀರಿನಲ್ಲಿ ಅದ್ದಿ ತೆಗೆದ ಹಾಗಾಗಿತ್ತು. ನಮ್ಮೂರಲ್ಲಿ ಬೆವರು ಬಂದದ್ದೇ ತಿಳಿಯುವುದಿಲ್ಲ. ಒಣಗಾಳಿ ಹೀರಿಕೊಂಡು ಹೋಗುತ್ತದೆ, ಬೆನ್ನ ಮೇಲೆ ಉಪ್ಪಿನ ಬಿಳಿ ಗೆರೆ ಉಳಿಯುತ್ತದೆ. ಮೈ ತಣಿಯುವುದು ಬೆವರು ಸುರಿಯುವುದರಿಂದಲ್ಲ, ಆರುವುದರಿಂದ. ಹೈಸ್ಕೂಲಿನಲ್ಲಿ ಇದನ್ನೇ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ. ಆವತ್ತಿನ ಗಾಳಿ ಮೊದಲೇ ಹೊಟ್ಟೆ ತುಂಬ ನೀರು ಕುಡಿದು ಕೂತಿತ್ತು, ನಮ್ಮ ಬೆವರು ಅದಕ್ಕೆ ಬೇಡವಾಗಿತ್ತು.

1912ರ ಸ್ಟಾಕ್‌ಹೋಂ ಒಲಿಂಪಿಕ್ಸಿನಲ್ಲಿ ಪೋರ್ಚುಗಲ್ಲಿನ ಫ್ರಾನ್ಸಿಸ್ಕೊ ಲಾಜಾರೊ ಬಿಸಿಲು ತಾಗದಿರಲೆಂದು ಮೈಗೆಲ್ಲ ಜಿಡ್ಡು ಬಳಿದುಕೊಂಡು ಮ್ಯಾರಥಾನ್ ಓಡಿದನಂತೆ. ನಡುದಾರಿಯಲ್ಲಿ ಕುಸಿದವನು ಮರುದಿನ ಸತ್ತ. ಇದನ್ನು ನಾನು ಓದಿದ್ದು ಆಮೇಲೆ.

ಬಂಜಾರಾ ಹಿಲ್ಸ್, ಜೂಬಿಲಿ ಹಿಲ್ಸ್ ಎಂಬ ಹೆಸರುಗಳಲ್ಲಿ ಗುಡ್ಡ ಇದೆ ಅನ್ನುವುದು ಬಸ್ಸಿನಲ್ಲಿ ಕೂತವರಿಗೆ ಹೊಳೆಯುವುದಿಲ್ಲ. ಕೆ.ಬಿ.ಆರ್. ಪಾರ್ಕಿನ ಏರಿನಲ್ಲಿ ಗೆಳೆಯ ನನ್ನನ್ನು ಹಿಂದೆ ಹಾಕಿ ಹೋದ. ಮತ್ತೆ ಕಂಡದ್ದು ದುರ್ಗಂ ಚೆರುವಿನ ಕೇಬಲ್ ಸೇತುವೆಯ ಮೇಲೆ. ಕಂಬಿಗೆ ಒರಗಿ ಕೂತಿದ್ದ. ನನ್ನ ಕಡೆ ಕೈ ಎತ್ತಿದ. ಕರೆದನೋ, ಹೋಗು ಅಂದನೋ? ಹೋಗು ಅಂದ ಅಂದುಕೊಂಡೆ; ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು. ಎರಡು ಗಂಟೆಯ ಲೆಕ್ಕ ಇನ್ನೂ ಕೈ ತಪ್ಪಿರಲಿಲ್ಲ. ನೂರು ಹೆಜ್ಜೆ ಓಡಿದೆ. ಎಣಿಸಿಲ್ಲ, ಆದರೆ ನೂರಕ್ಕೆ ಕಡಿಮೆಯಂತೂ ಅಲ್ಲ.

"ಭಾಯ್, ಕ್ಯಾ ಹುವಾ?" ಅಂತ ಹಿಂದಿನಿಂದ ಕೇಳಿಸಿತು. ತಿರುಗಿದೆ. ಗುರುತು ಪರಿಚಯವಿಲ್ಲದ ಯಾರೋ ಒಬ್ಬ ತನ್ನ ಓಟ ಬಿಟ್ಟು ಅವನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ.

ಆಗ ಓಡಿ ಬಂದೆ. ಮೈಯೆಲ್ಲ ಒದ್ದೆ, ಮುಟ್ಟಿದರೆ ಕಾದ ಹೆಂಚು. ಕಣ್ಣು ನನ್ನ ಮೇಲಿತ್ತು, ನೋಟ ಇರಲಿಲ್ಲ. "ಕೃಷ್ಣಾ ದಾಟಿತೇನಲೇ? ಚೀಲ ಇಳಿಸು," ಅಂದ. ಊರಿಗೆ ಹೋಗುವಾಗ ರೈಲು ಕೃಷ್ಣಾ ಹೊಳೆ ದಾಟಿತೆಂದರೆ ನಾವು ಚೀಲ ಇಳಿಸಿಕೊಳ್ಳುತ್ತೇವೆ, ಮುಂದಿನದೇ ರಾಯಚೂರು. ಸೇತುವೆಯ ಕೆಳಗಿನ ಚೆರುವಿನ ನೀರನ್ನು ನೋಡಿದ್ದನೋ ಏನೋ. ನನಗೆ ಕೈಕಾಲು ತಣ್ಣಗಾದವು, ಆ ಸೆಕೆಯಲ್ಲಿ.

ಸ್ವಯಂಸೇವಕರು ಓಡಿಬಂದು ಬೂಟು ಕಿತ್ತು, ತಲೆಗೆ ಮೈಗೆ ನೀರು ಸುರಿದು, ಕುತ್ತಿಗೆಗೆ, ಕಂಕುಳಿಗೆ, ತೊಡೆಸಂದಿಗೆ ಐಸು ಒತ್ತಿ, ರಟ್ಟಿನಿಂದ ಗಾಳಿ ಬೀಸಿದರು. ಬಾಯಿಗೆ ನೀರು ಹಾಕಲು ಹೋದ ನನ್ನ ಕೈಯನ್ನು ಒಬ್ಬ ಡಾಕ್ಟರಮ್ಮ ಹಿಡಿದರು. ಮೈಮೇಲೆ ಎಚ್ಚರವಿಲ್ಲದವನಿಗೆ ಕುಡಿಸಿದರೆ ನೀರು ಶ್ವಾಸನಾಳಕ್ಕೆ ಹೋದೀತು. ಮೊದಲು ಮೈ ತಣಿಸಬೇಕು, ಆಸ್ಪತ್ರೆ ಆಮೇಲೆ. ಬಿಸಿಲು ಬಡಿದವನು ಮಾತು ತಪ್ಪಿದರೆ ಅದೇ ದೊಡ್ಡ ಸೂಚನೆಯಂತೆ. ನಾನು ನೂರು ಹೆಜ್ಜೆ ದೂರದಲ್ಲಿದ್ದಾಗ ಅವನು ಏನೇನು ಮಾತಾಡಿದ್ದನೋ.

ಸಂಜೆ ಆಸ್ಪತ್ರೆಯಲ್ಲಿ ಎದ್ದು ಕೂತು ಮಜ್ಜಿಗೆ ಕುಡಿಯುತ್ತ ಕೇಳಿದ:

"ನನ್ನ ನೋಡಿದ ಕೂಡ್ಲೇ ನಿಂತಿದ್ದೀ ಏನಲೇ?"

"ಹೂಂ."

"ನನ್ನ ಸಲುವಾಗಿ ನಿನ್ನ ಓಟ ಕೆಡ್ತು. ಬಿರಿಯಾನಿ ನಂದೇ."

ಮುಂದಿನ ವಾರ ಕೊಡಿಸಿದ. ತಿಂದೆ. ಈ ಪತ್ರಿಕೆಯ ಒಂದು ಪ್ರತಿ ಅವನ ಕೈಗೂ ಹೋಗುತ್ತದೆ.